ಅಜ್ಜನ ಅಚ್ಚುಗಳಲ್ಲಿ ರೈಫಲ್ ಗುಂಡು ಒತ್ತಬಹುದೇ?

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಅಜ್ಜನ ಹಲಸಿನ ಮರದ ಪೆಟ್ಟಿಗೆಯೊಂದು ಸಿಕ್ಕಿದೆ. ಒಳಗೆ ಉಕ್ಕಿನ ನಾಲ್ಕು ಅಚ್ಚುಗಳು, ಅವುಗಳೊಳಗೆ ಲೋಹವನ್ನು ಒತ್ತುವ ಪಂಚುಗಳು, ಒಂದು ಡಬ್ಬಿ ತಾಮ್ರದ ಪುಟ್ಟ ಬಟ್ಟಲುಗಳು, ಸೀಸದ ತಂತಿಯ ಸುರುಳಿ, .22 ರೈಫಲಿನ ಖಾಲಿ ತೋಟೆಗಳು ಇವೆ. ಜೊತೆಗೆ ಅಡಿಯಲ್ಲಿ ‘ಕೆ.ಎಫ್.’ ಎಂದು ಒತ್ತಿರುವ, ಹಾರಿಸದೆ ಉಳಿದ ಕೆಲವು ತೋಟೆಗಳೂ ಇವೆ. ಸೀಸದ ಮೇಲೆ ಬಿಳಿ ಪುಡಿ ಕೂತಿದೆ. ಅಜ್ಜ ಹಿಂದೆ ಶಿಕಾರಿಗೆ ಹೋಗುತ್ತಿದ್ದವರು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಈಗಲೂ ಮನೆಯಲ್ಲಿದೆ. ನಾನು ಕಾರವಾರದಲ್ಲಿ ಲೇತ್ ಕೆಲಸ ಮಾಡುತ್ತೇನೆ. ಈ ಸಾಮಾನು ಬಳಸಿ ಗುಂಡು ಒತ್ತುವ ಕೆಲಸವನ್ನು ಹವ್ಯಾಸವಾಗಿ ಕಲಿಯುವ ಆಸೆ. ಎಲ್ಲಿಂದ ಆರಂಭಿಸಲಿ? ಆಗದು ಎಂದಾದರೆ ಇದನ್ನೆಲ್ಲ ಗುಜರಿಗೆ ಹಾಕಬಹುದೇ?

ಉತ್ತರ: ನಿಮಗೆ ಹಿಡಿಸದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಅಚ್ಚುಗಳಲ್ಲಿ ಒಂದೇ ಒಂದು ಗುಂಡನ್ನೂ ಒತ್ತಬೇಡಿ. ಅಮೆರಿಕದಲ್ಲಿ ಇದು ಗ್ಯಾರೇಜಿನಲ್ಲಿ ಕೂತು ಮಾಡುವ ಹವ್ಯಾಸ. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮ ಮನೆಯಲ್ಲಿರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 25ನೇ ಕಲಮು ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಅದರಡಿ ಕನಿಷ್ಠ ಶಿಕ್ಷೆಯೇ ಏಳು ವರ್ಷ, ಗರಿಷ್ಠ ಜೀವಾವಧಿ. ಹವ್ಯಾಸಕ್ಕೆಂದು ಮಾಡಿದೆ, ಯಾರಿಗೂ ಮಾರಲಿಲ್ಲ ಎಂಬ ಸಮಜಾಯಿಷಿಗೆ ಆ ಕಲಮಿನಲ್ಲಿ ಜಾಗವಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅದೇ ಕಾಯ್ದೆಯ 2ನೇ ಕಲಮು ಮದ್ದುಗುಂಡನ್ನು ವ್ಯಾಖ್ಯಾನಿಸುವಾಗ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯನ್ನೂ ಸೇರಿಸಿಕೊಂಡಿದೆ. ಅಂದರೆ ಗುಂಡು ಒತ್ತದೆ ಸುಮ್ಮನೆ ಇಟ್ಟುಕೊಂಡರೂ ಅಜ್ಜನ ಅಚ್ಚುಗಳು ಬರೀ ಉಕ್ಕಿನ ತುಂಡುಗಳಲ್ಲ. ಬಳಕೆಗೆ ಬಾರದ ಹಳೆಯ ಮಾದರಿಯ ಆಯುಧಗಳಿಗೆ, ಜೋಡಿಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ 45ನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ. ಆದರೆ ನಿಮ್ಮ ಪೆಟ್ಟಿಗೆ ಅದರಡಿ ಬರುತ್ತದೆಯೇ ಎಂದು ನೀವೇ ತೀರ್ಮಾನಿಸಿಕೊಂಡು ನೆಮ್ಮದಿಯಾಗಿ ಇರುವುದು ಬೇಡ. ಅದನ್ನು ಲೈಸೆನ್ಸಿಂಗ್ ಅಧಿಕಾರಿ, ಅಂದರೆ ಕಾರವಾರದಲ್ಲಿ ಕೂರುವ ಜಿಲ್ಲಾ ಮ್ಯಾಜಿಸ್ಟ್ರೇಟರು, ಹೇಳಲಿ. ಪೆಟ್ಟಿಗೆ ಇದ್ದಲ್ಲೇ ಇರಲಿ. ಏನೇನಿದೆ ಎಂಬ ಪಟ್ಟಿ ಮಾಡಿ, ಫೋಟೋ ತೆಗೆದು, ಯಾವ ದಿನ ಎಲ್ಲಿ ಸಿಕ್ಕಿತು ಎಂದು ಬರೆದು, ವಕೀಲರೊಬ್ಬರಿಗೆ ತೋರಿಸಿ ಅರ್ಜಿ ಕೊಡಿ. ಅರ್ಜಿಯ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕಾನೂನುಬದ್ಧವಾಗಿ ಇಟ್ಟುಕೊಳ್ಳಲಾಗದ ವಸ್ತುವನ್ನು ಠಾಣೆಯಲ್ಲೋ ಲೈಸೆನ್ಸ್ ಹೊಂದಿದ ವ್ಯಾಪಾರಿಯಲ್ಲೋ ಠೇವಣಿ ಇಡಲು 21ನೇ ಕಲಮು ದಾರಿ ಮಾಡಿಕೊಟ್ಟಿದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಹೊತ್ತು, ಫಲಿತಾಂಶ ಬಂದ ಮೇಲೆ ವಾಪಸು ತರುವ ಮಲೆನಾಡಿನ ಕೃಷಿಕರಿಗೆ ಆ ಮೆಟ್ಟಿಲು ಹೊಸದೇನಲ್ಲ.

ಹಾರಿಸದ ತೋಟೆಗಳ ವಿಷಯ ಇದಕ್ಕಿಂತ ತುರ್ತಿನದು. ‘ಕೆ.ಎಫ್.’ ಎಂಬುದು ಪುಣೆ ಸಮೀಪದ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ಗುರುತು. 1869ರಲ್ಲಿ ಆರಂಭವಾದ ಕಾರ್ಖಾನೆ ಅದು. ತೋಟೆ ಎಷ್ಟೇ ಹಳೆಯದಾದರೂ ಸತ್ತಿದೆ ಎಂದುಕೊಳ್ಳಬೇಡಿ. ಒಳಗಿನ ಹೊಗೆಯಿಲ್ಲದ ಮದ್ದು ಕಾಲಕ್ರಮೇಣ ತಾನಾಗಿಯೇ ಕೊಳೆಯುತ್ತ ಆಮ್ಲವನ್ನು ಬಿಡುತ್ತದೆ, ಹಿತ್ತಾಳೆಯನ್ನು ಒಳಗಿನಿಂದ ತಿನ್ನುತ್ತದೆ. ಅದರ ಗುಂಡನ್ನು ಕಿತ್ತು ನೋಡುವುದು, ಬಿಸಿಲಿಗೆ ಒಣಗಿಸುವುದು, ತಳದ ಕೇಪನ್ನು ಮೊಳೆಯಿಂದ ಕೆದಕುವುದು, ಯಾವುದೂ ಬೇಡ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹಾಕಿಕೊಂಡು ದೇವಿಮನೆ ಘಟ್ಟ ಇಳಿಯುವ ಯೋಚನೆಯೂ ಬೇಡ. ಠಾಣೆಗೆ ಫೋನ್ ಮಾಡಿ, ಇಂಥದ್ದು ಸಿಕ್ಕಿದೆ, ಹೇಗೆ ತರಬೇಕು ಎಂದು ಕೇಳಿ.

ಇಷ್ಟು ಹೇಳಿ ಕೈತೊಳೆದುಕೊಂಡರೆ ನಿಮ್ಮ ಕುತೂಹಲಕ್ಕೆ ಅನ್ಯಾಯ ಮಾಡಿದಂತೆ. ನೀವು ಲೇತ್ ಹಿಡಿದವರು. ನಿಮ್ಮನ್ನು ಸೆಳೆದಿರುವುದು ಗುಂಡಿಗಿಂತ ಹೆಚ್ಚಾಗಿ ಅಚ್ಚಿನ ಕೆಲಸ ಎಂದು ನಿಮ್ಮ ಪತ್ರದ ಧಾಟಿಯಿಂದಲೇ ಅಂದಾಜು ಮಾಡುತ್ತೇನೆ. ಆ ಕೆಲಸವನ್ನು ಕಾನೂನು ಮುರಿಯದೆ ಕಲಿಯಬಹುದು. ಆದರೆ ಅದಕ್ಕೂ ಮೊದಲು ಅಜ್ಜನ ಪೆಟ್ಟಿಗೆಯಲ್ಲಿರುವುದು ಏನು ಎಂದು ತಿಳಿಯಬೇಕು.

ಸೀಸದ ಗುಂಡು ಮಾಡಲು ಎರಡು ದಾರಿಗಳಿವೆ. ಒಂದು ಎರಕ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕಟ್ಟಿಗೆಯ ಒಲೆಯೇ ಸಾಕು. ಕೇಪಿನ ಕೋವಿಯ ಕಾಲದಲ್ಲಿ ಮನೆಮನೆಗಳಲ್ಲಿ ನಡೆದದ್ದು ಇದೇ. ಇನ್ನೊಂದು ಸ್ವೇಜಿಂಗ್, ಅಂದರೆ ತಣ್ಣಗಿನ ಲೋಹವನ್ನು ಗಟ್ಟಿ ಉಕ್ಕಿನ ಅಚ್ಚಿನೊಳಗಿಟ್ಟು ಒತ್ತಿ ಆಕಾರಕ್ಕೆ ತರುವುದು. ಇಲ್ಲಿ ಬೆಂಕಿ ಇಲ್ಲ, ಆರುವಾಗ ಕುಗ್ಗುವ ತೊಂದರೆ ಇಲ್ಲ, ಒಳಗೆ ಗಾಳಿಗುಳ್ಳೆ ಉಳಿಯುವುದಿಲ್ಲ. ಅಚ್ಚು ಎಷ್ಟು ನಿಖರವೋ ಗುಂಡೂ ಅಷ್ಟೇ ನಿಖರ. ಬ್ರಿಟಿಷರ ವೂಲಿಚ್ ಶಸ್ತ್ರಾಗಾರದಲ್ಲಿ 1850ರ ದಶಕದಲ್ಲೇ ಎನ್‌ಫೀಲ್ಡ್ ರೈಫಲಿನ ಸೀಸದ ಗುಂಡುಗಳನ್ನು ಯಂತ್ರದಲ್ಲಿ ಒತ್ತುತ್ತಿದ್ದರು. 1857ರ ದಂಗೆಯಲ್ಲಿ ಕೊಬ್ಬು ಸವರಿದ ಕಾಗದದ ತೋಟೆಗಳ ಮಾತು ಎಲ್ಲರಿಗೂ ಗೊತ್ತು. ಆ ಕಾಗದದೊಳಗೆ ಸುತ್ತಿಟ್ಟದ್ದು ಆ ರೈಫಲಿನ ಗುಂಡನ್ನೇ.

ಸೀಸಕ್ಕೆ ತಾಮ್ರದ ಅಂಗಿ ತೊಡಿಸಿದ್ದು ಆಮೇಲಿನ ಬೆಳವಣಿಗೆ. ಗುಂಡಿನ ವೇಗ ಹೆಚ್ಚಿದಂತೆ ಬರೀ ಸೀಸ ನಳಿಗೆಯ ಸುರುಳಿಗೆರೆಗಳಲ್ಲಿ ಹಿಡಿತ ತಪ್ಪಿ ಜಾರುತ್ತದೆ, ಉಜ್ಜಿ ಅಂಟಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲಿ ತಾಮ್ರದ ಜಾಕೆಟ್ ತೊಡಿಸಿದ ಗುಂಡನ್ನು ರೂಪಿಸಿದ. ಅಂದಿನಿಂದ ರೈಫಲ್ ಗುಂಡು ಎಂದರೆ ತೆಳು ತಾಮ್ರದ ಬಟ್ಟಲು ಮತ್ತು ಅದರೊಳಗೆ ತುಂಬಿದ ಸೀಸದ ತಿರುಳು. ಬಟ್ಟಲಿನ ಬಾಯಿ ಯಾವ ಕಡೆ ಇದೆ ಎಂಬುದರ ಮೇಲೆ ಗುಂಡಿನ ಸ್ವಭಾವವೇ ಬದಲಾಗುತ್ತದೆ. ಸೈನ್ಯದ ಗುಂಡಿನಲ್ಲಿ ಬಟ್ಟಲು ಮೂಗಿನ ಕಡೆ ಮುಚ್ಚಿರುತ್ತದೆ, ಬಾಯಿ ಹಿಂದಕ್ಕೆ. ಬಾಯಿಯನ್ನು ಮುಂದಕ್ಕೆ ತಂದು ತುದಿಯಲ್ಲಿ ಸೀಸ ಕಾಣುವಂತೆ ಬಿಟ್ಟರೆ ಅದು ತಗುಲಿದೊಡನೆ ಅಣಬೆಯಾಗುತ್ತದೆ. ಕಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬರ್ಟಿ ಕ್ಲೇ ಎಂಬ ಸೇನಾಧಿಕಾರಿ ರೂಪಿಸಿದ್ದು ಅಂಥದ್ದನ್ನೇ. ಹಿಗ್ಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ನಿಷೇಧ ಹೇರಿತು. ಊರಿನ ಹೆಸರು ಮಾತ್ರ ಇಂಥ ಗುಂಡುಗಳಿಗೆ ಇಂದಿಗೂ ಅಂಟಿಕೊಂಡಿದೆ.

ಈಗ .22ರ ಖಾಲಿ ತೋಟೆಗಳು ಆ ಪೆಟ್ಟಿಗೆಯಲ್ಲಿ ಏಕಿವೆ ಎಂಬುದಕ್ಕೆ ಬರೋಣ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ತಾಮ್ರವೆಲ್ಲ ಯುದ್ಧಕ್ಕೆ ಹೋಯಿತು, ಶಿಕಾರಿಯವರಿಗೂ ಗುರಿಕಾರರಿಗೂ ಗುಂಡು ಸಿಗದಾಯಿತು. ಆಗ ಕೆಲವರ ಕಣ್ಣು ಬಿದ್ದದ್ದು ಮೈದಾನದಲ್ಲಿ ರಾಶಿ ಬಿದ್ದಿರುತ್ತಿದ್ದ .22 ರಿಮ್‌ಫೈರ್, ಅಂದರೆ ತಳದ ಅಂಚಿನೊಳಗೇ ಸಿಡಿಮದ್ದು ಇರುವ ತೋಟೆಗಳ ಮೇಲೆ. ಹಾರಿಸಿದ ಮೇಲೆ ಅದು ಬಿಸಾಡುವ ಹಿತ್ತಾಳೆ. ಆದರೆ ಅದರ ಅಂಚನ್ನು ಒತ್ತಿ ನೆಟ್ಟಗೆ ಮಾಡಿದರೆ ಸಣ್ಣ ರೈಫಲ್ ಗುಂಡಿಗೆ ಬೇಕಾದ ಅಳತೆಯ ಬಟ್ಟಲು ಸಿದ್ಧ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಅಪ್ಪನ ಲಾಂಡ್ರಿಯ ಹಿಂಬದಿಯಲ್ಲಿ ಇಂಥ ಅಚ್ಚುಗಳನ್ನು ಮಾಡತೊಡಗಿದ. ಇಂದು ಆರ್‌ಸಿಬಿಎಸ್ ಎಂಬ ಹೆಸರಿನಲ್ಲಿರುವ ಕಂಪನಿ ಹುಟ್ಟಿದ್ದು ಹೀಗೆ. ಆ ಅಕ್ಷರಗಳ ಕೊನೆಯ ‘ಎಸ್’ ಸ್ವೇಜ್‌ನದೇ. ವರ್ನನ್ ಸ್ಪೀರ್ ಮತ್ತು ಜಾಯ್ಸ್ ಹಾರ್ನಡಿ ಕೂಡ ಖಾಲಿ ರಿಮ್‌ಫೈರ್ ತೋಟೆಗಳನ್ನು ಜಾಕೆಟ್ ಮಾಡುವ ಯಂತ್ರದಿಂದಲೇ ಶುರು ಮಾಡಿದವರು. ಮುಂದೆ ಇಬ್ಬರ ಹೆಸರಿನಲ್ಲೂ ದೊಡ್ಡ ಕಾರ್ಖಾನೆಗಳಾದವು. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿರುವುದು ಆ ಕಾಲದ ಜಾಣತನದ ತುಣುಕು.

ಅಚ್ಚುಗಳನ್ನು ಗುರುತಿಸಲು ಅವನ್ನು ಬಳಸಬೇಕಾಗಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಸಾಕು. ಹೊರಮೈಯಲ್ಲಿ ತಿರುಪಿನ ಮರೆ ಇದ್ದು ಅದರ ವ್ಯಾಸ ಎಂಟರಲ್ಲಿ ಏಳು ಅಂಶ (7/8) ಇಂಚು, ಇಂಚಿಗೆ 14 ಸುತ್ತು ಇದ್ದರೆ ಅದು ಸಾಮಾನ್ಯ ರೀಲೋಡಿಂಗ್ ಪ್ರೆಸ್ಸಿಗೆ, ಅಂದರೆ ಖಾಲಿ ತೋಟೆಗಳನ್ನು ಮತ್ತೆ ತುಂಬುವ ಒತ್ತುಯಂತ್ರಕ್ಕೆ, ಕೂರುವ ಅಚ್ಚು. ಒಂದು ಅಚ್ಚಿನ ಪಕ್ಕದಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತುಗಳು ಕಂಡರೆ ಅದು ಸೀಸದ ತಿರುಳನ್ನು ಸರಿತೂಕಕ್ಕೆ ತರುವ ಅಚ್ಚು. ತಂತಿಯಿಂದ ಕತ್ತರಿಸಿದ ತುಂಡುಗಳು ಒಂದೊಂದು ಒಂದೊಂದು ತೂಕ ಇರುತ್ತವೆ. ಒತ್ತಿದಾಗ ಹೆಚ್ಚಾದ ಸೀಸ ಆ ತೂತುಗಳಿಂದ ಶಾವಿಗೆ ಒರಳಿನಿಂದ ಇಳಿದಂತೆ ಎಳೆಯಾಗಿ ಹೊರಬರುತ್ತದೆ, ಉಳಿದದ್ದು ಪ್ರತಿ ಸಲವೂ ಒಂದೇ ತೂಕ. ಇನ್ನೊಂದು ಅಚ್ಚು ನೇರ ಕೊಳವೆಯಂತಿದ್ದು ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತದೆ. ಅದು ತಿರುಳನ್ನು ಜಾಕೆಟ್ಟಿನೊಳಗೆ ಕೂರಿಸುವುದು. ಮೂರನೆಯದರ ಒಳಗೆ ಒಂದು ಕಡೆ ಕಿರಿದಾಗುತ್ತ ಹೋಗಿ ತುದಿಯಲ್ಲಿ ತಂತಿಯಷ್ಟು ತೆಳುವಾದ ಕಡ್ಡಿ ಇರುತ್ತದೆ. ಗುಂಡಿಗೆ ಮೂಗು ಮೂಡುವುದು ಅಲ್ಲಿ. ಕಡ್ಡಿ ಇರುವುದು ಸಿದ್ಧವಾದದ್ದನ್ನು ಹೊರತಳ್ಳಲು. ಹಳೆಯ ಸೆಟ್ಟುಗಳಲ್ಲಿ ಮೊದಲು ಮುರಿದಿರುವುದು ಯಾವಾಗಲೂ ಈ ಕಡ್ಡಿಯೇ. ನಾಲ್ಕನೆಯದು ಬಹುಮಟ್ಟಿಗೆ .22 ತೋಟೆಯ ಅಂಚು ತೆಗೆಯುವ ಅಚ್ಚಾಗಿರಬೇಕು, ಖಾಲಿ ತೋಟೆಗಳು ಜೊತೆಗಿರುವುದರಿಂದ ಹೇಳುತ್ತಿದ್ದೇನೆ.

ಈ ಇಡೀ ಕೆಲಸದಲ್ಲಿ ನನಗೆ ಅತಿ ಚೆಂದವೆನಿಸುವುದು ಒಂದು ನಿಯಮ. ಸ್ವೇಜಿಂಗಿನಲ್ಲಿ ಲೋಹ ಯಾವಾಗಲೂ ಹಿಗ್ಗಿ ಅಚ್ಚನ್ನು ತುಂಬಬೇಕು, ಕುಗ್ಗಿ ಒಳಹೋಗಬಾರದು. ತಿರುಳು ಜಾಕೆಟ್ಟಿನ ಒಳ ಅಳತೆಗಿಂತ ಕೂದಲೆಳೆಯಷ್ಟು ಸಣ್ಣದು, ಜಾಕೆಟ್ ಅಚ್ಚಿಗಿಂತ ಕೂದಲೆಳೆಯಷ್ಟು ಸಣ್ಣದು. ಒತ್ತಿದಾಗ ಸೀಸ ದ್ರವದಂತೆ ಎಲ್ಲ ಕಡೆಗೂ ಒತ್ತುತ್ತದೆ, ತಾಮ್ರ ಉಬ್ಬಿ ಅಚ್ಚಿನ ಗೋಡೆಗೆ ತಾಗುತ್ತದೆ. ಒತ್ತಡ ಬಿಟ್ಟೊಡನೆ ತಾಮ್ರ ತುಸು ಹಿಂದಕ್ಕೆ ಸ್ಪ್ರಿಂಗಾಗುತ್ತದೆ. ಸೀಸಕ್ಕೆ ಆ ಗುಣ ಬಹಳ ಕಡಿಮೆ, ಹಾಗಾಗಿ ಅದು ಒತ್ತಿದಲ್ಲೇ ನಿಂತಿರುತ್ತದೆ. ಪರಿಣಾಮವಾಗಿ ಜಾಕೆಟ್ ತಿರುಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಅದರ ಬದಲು ದೊಡ್ಡ ಗುಂಡನ್ನು ಸಣ್ಣ ಉಂಗುರದಲ್ಲಿ ತೂರಿಸಿ ವ್ಯಾಸ ಇಳಿಸಿದರೆ ಎಲ್ಲವೂ ತಲೆಕೆಳಗು: ತಾಮ್ರ, ಸೀಸ ಇಬ್ಬರೂ ಒಳಕ್ಕೆ ಹೋಗುತ್ತಾರೆ, ತಾಮ್ರ ಮಾತ್ರ ಹೊರಕ್ಕೆ ಸ್ಪ್ರಿಂಗಾಗಿ ತಿರುಳು ಒಳಗೆ ಸಡಿಲವಾಗುತ್ತದೆ. ಹಾರುವಾಗ ನಿಮಿಷಕ್ಕೆ ಲಕ್ಷಾಂತರ ಸುತ್ತು ತಿರುಗುವ ವಸ್ತುವಿನಲ್ಲಿ ಸಡಿಲ ತಿರುಳು ಎಂದರೆ ಗುರಿ ತಪ್ಪಿತು ಎಂದೇ ಅರ್ಥ. ಬೇರೆ ಬೇರೆ ಕಾಲದ, ಬೇರೆ ಬೇರೆ ತಯಾರಕರ ಅಚ್ಚುಗಳನ್ನು ಕಲಸಿ ಬಳಸಲಾಗದಿರುವುದೂ ಇದಕ್ಕಾಗಿಯೇ. ಇಂಚಿನ ಸಾವಿರದ ಒಂದು ಭಾಗ ಹೆಚ್ಚುಕಮ್ಮಿಯಾದರೂ ತಿರುಳು ಜಾಕೆಟ್ಟಿನೊಳಗೆ ಹೋಗುವುದೇ ಇಲ್ಲ, ಇಲ್ಲವೇ ಮಡಿಕೆ ಬೀಳುತ್ತದೆ.

ಹಳೆಯ ಸಾಮಾನಿನಲ್ಲಿ ಹೆಸರೂ ಮೋಸ ಮಾಡುತ್ತದೆ. .303 ಎಂದು ಕರೆಯುವ ಬ್ರಿಟಿಷ್ ರೈಫಲಿನ ಗುಂಡಿನ ವ್ಯಾಸ .311ರಿಂದ .312 ಇಂಚು, ಹೆಸರಿನಲ್ಲಿರುವುದು ನಳಿಗೆಯೊಳಗೆ ಸುರುಳಿಗೆರೆಗಳ ನಡುವೆ ಎದ್ದಿರುವ ದಿಬ್ಬದಿಂದ ಎದುರಿನ ದಿಬ್ಬಕ್ಕಿರುವ ಅಂತರ. .22 ಹಾರ್ನೆಟ್ ರೈಫಲಿನ ಆರಂಭದ ನಳಿಗೆಗಳು .223ರ ಅಳತೆಗಿದ್ದವು, ಆಮೇಲಿನವು .224. ಅಮೆರಿಕದ ಅನುಭವಿಗಳು ಹಳೆಯ ಅಚ್ಚು ಕೊಂಡರೆ ಡಬ್ಬಿಯ ಮೇಲಿನ ಬರಹವನ್ನು ಬದಿಗಿಟ್ಟು ಮೊದಲು ಮೈಕ್ರೋಮೀಟರ್ ಹಿಡಿಯುವುದು ಇದಕ್ಕೇ. ಸೀಸದಲ್ಲೂ ಜಾತಿಗಳಿವೆ. ಗಡಸುತನ ಅಳೆಯುವ ಬ್ರಿನೆಲ್ ಮಾನದಲ್ಲಿ ಶುದ್ಧ ಸೀಸದ್ದು 5ರ ಆಸುಪಾಸು. ಮುದ್ರಣಾಲಯದ ಹಳೆಯ ಲೈನೋಟೈಪ್ ಅಚ್ಚುಲೋಹದ್ದು ಸುಮಾರು 22, ಅದರಲ್ಲಿ ಆಂಟಿಮನಿ ಬೆರೆತಿರುತ್ತದೆ. ಶುದ್ಧ ಸೀಸಕ್ಕೆಂದು ಮಾಡಿದ ಅಚ್ಚಿನಲ್ಲಿ ಗಡಸು ಮಿಶ್ರಲೋಹ ಹಾಕಿ ಒತ್ತಿದರೆ ಎಷ್ಟೋ ಸಲ ಅಚ್ಚೇ ಸೀಳುತ್ತದೆ. .22 ತೋಟೆಯಿಂದಾದ ಜಾಕೆಟ್ಟಿನ ಗೋಡೆಯಂತೂ ಬಹಳ ತೆಳು. ಸೆಕೆಂಡಿಗೆ 3,000 ಅಡಿ ದಾಟಿದ ಮೇಲೆ ಗುಂಡು ಗಾಳಿಯಲ್ಲೇ ಛಿದ್ರವಾಗುವ ಅಪಾಯವಿದೆ ಎಂದು ಅಲ್ಲಿನವರೇ ಅದನ್ನು ನಿಧಾನದ ತೋಟೆಗಳಿಗೆ ಮಾತ್ರ ಇಟ್ಟುಕೊಳ್ಳುತ್ತಾರೆ.

ಇನ್ನು ಆ ಬಿಳಿ ಪುಡಿ. ಮುಚ್ಚಿದ ಪೆಟ್ಟಿಗೆಯೊಳಗೆ ಮರ ವರ್ಷಗಟ್ಟಲೆ ಅಸಿಟಿಕ್ ಆಮ್ಲದ ಆವಿಯನ್ನು ನಿಧಾನವಾಗಿ ಬಿಡುತ್ತಿರುತ್ತದೆ. ಆ ಆವಿ, ಮಳೆಗಾಲದ ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸೀಸವನ್ನು ತಿಂದು ಸೀಸದ ಕಾರ್ಬೊನೇಟ್ ಮಾಡುತ್ತವೆ. ಹಿಂದೆ ಬಣ್ಣಕ್ಕೆ ಬಳಸುತ್ತಿದ್ದ ಸಫೇದಾ ತಯಾರಾಗುತ್ತಿದ್ದದ್ದೂ ಇದೇ ರಸಾಯನಕ್ರಿಯೆಯಿಂದ: ಡಚ್ಚರು ಸೀಸದ ಸುರುಳಿಗಳನ್ನು ವಿನೆಗರ್ ಇರುವ ಮಡಕೆಗಳಲ್ಲಿಟ್ಟು, ಸುತ್ತ ಸಗಣಿ ತುಂಬಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ನಿಮ್ಮ ಅಟ್ಟದಲ್ಲಿ ಅದು ಯಾರೂ ಕೇಳದೆ ನಡೆದಿದೆ, ಅಷ್ಟೇ. ಗಟ್ಟಿ ಸೀಸ ಮುಟ್ಟಿದರೆ ಅಷ್ಟೇನೂ ಅಪಾಯವಿಲ್ಲ. ಈ ಪುಡಿ ಮಾತ್ರ ಉಸಿರಲ್ಲೂ ಬೆರಳಲ್ಲೂ ಹೊಟ್ಟೆಗೆ ಹೋಗುವಂಥದ್ದು, ಮಕ್ಕಳ ಮೆದುಳಿಗೆ ನೇರ ವಿಷ. ಊದಬೇಡಿ, ಒಣಬಟ್ಟೆಯಿಂದ ಒರೆಸಬೇಡಿ, ಪೊರಕೆ ಹಾಕಬೇಡಿ. ಕೈಗವಸು, ಮಾಸ್ಕ್ ಹಾಕಿಕೊಂಡು ತಂತಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಗಿಯಾಗಿ ಕಟ್ಟಿ. ಪೆಟ್ಟಿಗೆ ತೆರೆದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ಕೈಯನ್ನು ಸೋಪಿನಿಂದ ತೊಳೆಯುವವರೆಗೆ ಕವಳದ ಬಟ್ಟಲಿನ ಹತ್ತಿರ ಹೋಗಬೇಡಿ. ಎಲೆ ಅಡಿಕೆ ಹಾಕುವವರ ಬೆರಳು ಎಷ್ಟು ಸಲ ಬಾಯಿಗೆ ಹೋಗುತ್ತದೆ ಎಂಬುದು ನಮಗೆ ಗೊತ್ತಿರುವುದೇ.

ಹಿತ್ತಾಳೆಯ ತೋಟೆಗಳಿಗೆ ನಮ್ಮ ಕಡೆ ಇನ್ನೊಂದು ಶತ್ರುವಿದೆ, ಅದು ಕೊಟ್ಟಿಗೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ತೋಟೆಗಳು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಸೀಳುತ್ತಿದ್ದವು. ಯಾರೂ ಮುಟ್ಟದೆ, ಇಟ್ಟಲ್ಲಿಯೇ. ಕಾರಣ ಹುಡುಕಿದಾಗ ಸಿಕ್ಕಿದ್ದು ಕುದುರೆ ಲಾಯ. ತೋಟೆಗಳನ್ನು ಲಾಯದಲ್ಲಿ ದಾಸ್ತಾನು ಮಾಡುತ್ತಿದ್ದರು, ಕುದುರೆಯ ಗಂಜಲದಿಂದ ಬರುವ ಅಮೋನಿಯಾ ತೇವದ ಗಾಳಿಯಲ್ಲಿ ಬೆರೆತು, ಒತ್ತಿ ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದಿದ್ದ ಬಿಗುವಿನ ಜಾಡು ಹಿಡಿದು ಬಿರುಕು ಮೂಡಿಸುತ್ತಿತ್ತು. ಒಂದೊಂದು ಮಳೆಗಾಲಕ್ಕೆ ಒಂದಷ್ಟು ತೋಟೆಗಳು ಹೀಗೆ ಹಾಳಾಗುತ್ತಿದ್ದವು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಇದರ ವಿವರಣೆ ಪ್ರಕಟಿಸಿದರು. ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಒಳಬಿಗುವು ತೆಗೆದರೆ ಬಿರುಕು ಬೀಳುವುದಿಲ್ಲ ಎಂಬುದು ಪರಿಹಾರವಾಯಿತು. ಲೋಹಶಾಸ್ತ್ರದ ತರಗತಿಗಳಲ್ಲಿ ಇವತ್ತಿಗೂ ಇದನ್ನು ಪಾಠ ಮಾಡುತ್ತಾರೆ. ನಿಮ್ಮ ಅಟ್ಟದ ಕೆಳಗೆ ದನದ ಕೊಟ್ಟಿಗೆ ಇತ್ತೇ? ಇದ್ದರೆ ಆ .22 ತೋಟೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬಾಯಿಯ ಅಂಚಿನಿಂದ ಉದ್ದಕ್ಕೆ ಇಳಿಯುವ ಕೂದಲಿನಂಥ ಸೀಳು ಕಾಣಬಹುದು.

ಅಧಿಕಾರಿಗಳು ಅಚ್ಚುಗಳನ್ನು ಇಟ್ಟುಕೊಳ್ಳಲು ಲಿಖಿತ ಅನುಮತಿ ಕೊಟ್ಟರೆ ಅವುಗಳ ಆರೈಕೆಯ ವಿಷಯ ಬರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪು ಗಾಳಿಯ ಕಾರವಾರದಲ್ಲಿ ಬೆವರಿನ ಬೆರಳಚ್ಚೂ ಎರಡು ದಿನದಲ್ಲಿ ತುಕ್ಕಿನ ಗುರುತಾಗುತ್ತದೆ. ನಮ್ಮಲ್ಲಿ ಎಲ್ಲ ಕಬ್ಬಿಣಕ್ಕೂ ತೆಂಗಿನೆಣ್ಣೆ ಸವರುವ ಅಭ್ಯಾಸವಿದೆ, ಇಲ್ಲಿ ಅದು ಬೇಡ. ಎಣ್ಣೆ ಕಮಟಿದಾಗ ಬಿಡುಗಡೆಯಾಗುವ ಕೊಬ್ಬಿನ ಆಮ್ಲಗಳು ತಾಮ್ರವನ್ನು ಹಸಿರು ಮಾಡುತ್ತವೆ, ಉಕ್ಕನ್ನೂ ಬಿಡುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ ಮೃದು ಬ್ರಷ್ಷಿನಿಂದ ಉಜ್ಜಿ, ತೆಳು ಯಂತ್ರದೆಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಎಮರಿ ಕಾಗದ ತಗುಲಿಸಲೇಬೇಡಿ. ಅಚ್ಚಿನ ಬೆಲೆಯೆಲ್ಲ ಇರುವುದು ಆ ಒಳಮೈಯಲ್ಲಿ.

ಈಗ ನಿಮ್ಮ ಕೈಗೆ ಕೆಲಸ. ಅಚ್ಚಿನ ವಿದ್ಯೆ ಕಲಿಯಲು ನಾನು ಸೂಚಿಸುವುದು ಗಾಳಕ್ಕೆ ಕಟ್ಟುವ ಭಾರವನ್ನು ಒತ್ತುವ ಕೆಲಸ. ಕಾರವಾರದ ಬೈತಖೋಲ್‌ನಿಂದ ಭಟ್ಕಳದವರೆಗೆ ಗಾಳ ಹಾಕುವವರಿಗೂ ಬೀಸುಬಲೆಯವರಿಗೂ ಭಾರದ ಗುಂಡು ಬೇಕೇ ಬೇಕು. ಈಗ ಹೆಚ್ಚಿನವು ಸೀಸದ ಎರಕ. ನೀವು ಸೀಸದ ಬದಲು ತವರದಿಂದ ಶುರು ಮಾಡಿ. ತವರವೂ ಸೀಸದ ಹಾಗೆ ಕೋಣೆಯ ಉಷ್ಣತೆಯಲ್ಲೇ ಒತ್ತಿಸಿಕೊಳ್ಳುವ ಲೋಹ, ಒತ್ತಿದಂತೆ ಗಡಸಾಗುತ್ತ ಹೋಗುವ ಹಟವಿಲ್ಲ, ವಿಷದ ಭಯವಿಲ್ಲ. ಅದೇನು ಹೊಸ ವಸ್ತುವೂ ಅಲ್ಲ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವುದು ಇದನ್ನೇ. ಬೆಲೆ ಮಾತ್ರ ಸೀಸಕ್ಕಿಂತ ಬಹಳ ಹೆಚ್ಚು, ಕಲಿಯುವಾಗ ಅದೇ ತುಂಡನ್ನು ಕರಗಿಸಿ ಮತ್ತೆ ಬಳಸಿ. ಬ್ರಿಟನ್ನಿನಲ್ಲಿ ಹಂಸಗಳು ಸೀಸದ ಭಾರ ನುಂಗಿ ಸಾಯುತ್ತಿದ್ದವೆಂದು 1987ರಲ್ಲೇ ಸಣ್ಣ ಸೀಸದ ಗಾಳದ ಭಾರಗಳನ್ನು ನಿಷೇಧಿಸಿದರು. ಅಘನಾಶಿನಿಯ ಅಳಿವೆಯಲ್ಲಿ ಜನ ಕೆಸರಿನಲ್ಲಿ ಕೈಯಾಡಿಸಿ ಬಳಚು ಆರಿಸುವುದನ್ನು ನೋಡಿದವರಿಗೆ ಅಲ್ಲಿ ಸೀಸ ಬಿಡುವ ಮನಸ್ಸು ಬರಬಾರದು.

ಲೆಕ್ಕ ಹೀಗಿದೆ. ತವರದ ಸಾಂದ್ರತೆ ಘನ ಸೆಂಟಿಮೀಟರಿಗೆ 7.3 ಗ್ರಾಂ. 10 ಮಿಲಿಮೀಟರ್ ವ್ಯಾಸದ ಸಿಲಿಂಡರ್ 20 ಗ್ರಾಂ ತೂಗಬೇಕಾದರೆ ಉದ್ದ ಸುಮಾರು 35 ಮಿಲಿಮೀಟರ್, ಸೀಸದ್ದಾದರೆ 22.5 ಸಾಕಾಗುತ್ತಿತ್ತು. ಅಚ್ಚಿನ ಒಳವ್ಯಾಸ ಸರಿಯಾಗಿ 10 ಇರಲಿ, ಒಳಗೆ ಹಾಕುವ ತುಂಡು 9.8 ಇರಲಿ, ಹಿಗ್ಗಿ ತುಂಬುವ ನಿಯಮ ಇಲ್ಲೂ ಅದೇ. ತುಂಡಿನ ತೂಕ 21 ಗ್ರಾಂ ಇಟ್ಟುಕೊಂಡು ಪಕ್ಕದಲ್ಲಿ ಒಂದೂವರೆ ಮಿಲಿಮೀಟರಿನ ತೂತು ಕೊರೆಯಿರಿ, ಹೆಚ್ಚಾದದ್ದು ಎಳೆಯಾಗಿ ಹೊರಬರಲಿ. ಒಂದು ಟನ್ ಭಾರ ಹೇರಿದರೆ 10 ಮಿಲಿಮೀಟರ್ ಪಂಚಿನ ಅಡಿಯಲ್ಲಿ ಚದರ ಮಿಲಿಮೀಟರಿಗೆ 125 ನ್ಯೂಟನ್ ಒತ್ತಡ ಬರುತ್ತದೆ; ಐದು ಟನ್ನಿನ ಬಾಟಲ್ ಜ್ಯಾಕ್ ಕೂರಿಸಿದ ಗಟ್ಟಿ ಚೌಕಟ್ಟಿದ್ದರೆ ಕೆಲಸ ಸಲೀಸು. ಮೊದಲ ಅಚ್ಚನ್ನು ಗಡಸು ಮಾಡದ ಇ.ಎನ್. 8 ಉಕ್ಕಿನಲ್ಲೇ ಮಾಡಿ. ಕೈ ಕುದುರಿದ ಮೇಲೆ ಇ.ಎನ್. 31 ತೆಗೆದುಕೊಂಡು ಗಡಸು ಮಾಡಿಸಿ, ಒಳಮೈಯನ್ನು ಲ್ಯಾಪಿಂಗ್ ಪೇಸ್ಟಿನಿಂದ ಹೊಳಪಿಸಿ. ಪಂಚಿಗೂ ಅಚ್ಚಿಗೂ ನಡುವಿನ ಸಂದು 0.02 ಮಿಲಿಮೀಟರ್ ಮೀರಿದರೆ ತವರ ಅದರಲ್ಲೇ ನುಗ್ಗಿ ಪಂಚನ್ನು ಕಚ್ಚಿಕೊಳ್ಳುತ್ತದೆ. ಆಗ ಬಿಡಿಸುವ ಪಾಡು ಬೇಡ. ದಾರ ಪೋಣಿಸಲು ನಡುವೆ ತೂತು ಬರುವಂತೆ ಪಂಚಿಗೆ ಕಡ್ಡಿ ಕೊಡಿ. ಆಕಾರ ಎರಡೂ ಕಡೆ ಚಪ್ಪಟೆಯಾಗಿರಲಿ, ಗುಂಡಿನ ಮೂಗನ್ನು ಹೋಲುವ ಏನನ್ನೂ ಮಾಡಲು ಹೋಗಬೇಡಿ.

ಒತ್ತಿದ ಐವತ್ತು ಭಾರಗಳನ್ನು ಒಂದೊಂದಾಗಿ ತೂಗಿ ಬರೆದಿಡಿ. ಅತಿ ಹೆಚ್ಚು, ಅತಿ ಕಡಿಮೆ ತೂಕಗಳ ನಡುವಿನ ಅಂತರ ನಿಮ್ಮ ಅಚ್ಚು ಹೇಗಿದೆ ಎಂದು ಯಾವ ಮೇಸ್ತ್ರಿಗಿಂತಲೂ ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ. ಹೋಲಿಸಿ ನೋಡಬೇಕೆಂದರೆ ಅಂಗಡಿಯಲ್ಲಿ ಸಿಗುವ 4.5 ಮಿಲಿಮೀಟರಿನ ಏರ್ ರೈಫಲ್ ಪೆಲೆಟ್ಟುಗಳ ಒಂದು ಡಬ್ಬಿ ತನ್ನಿ. ಅವೂ ತಂತಿಯಿಂದ ಕತ್ತರಿಸಿ ತಣ್ಣಗೆ ಒತ್ತಿ ಮಾಡಿದವೇ. ಹತ್ತು ಮೀಟರ್ ಸ್ಪರ್ಧೆಯ ಪೆಲೆಟ್ ಒಂದರ ತೂಕ ಅರ್ಧ ಗ್ರಾಮಿನ ಆಸುಪಾಸು, ತಲೆಯ ಅಳತೆಯನ್ನು 4.49, 4.50, 4.51 ಎಂದು ಬೇರೆ ಬೇರೆ ಡಬ್ಬಿಯಲ್ಲಿ ಮಾರುತ್ತಾರೆ. ಸೆಂಟಿಮೀಟರಿನ ಸಾವಿರದ ಒಂದು ಭಾಗದ ವ್ಯತ್ಯಾಸಕ್ಕೆ ಬೇರೆ ಡಬ್ಬಿ! ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಅವನ್ನು ತೂಗಿ ನೋಡಿದರೆ ಒಳ್ಳೆಯ ಅಚ್ಚು ಎಂದರೇನು ಎಂಬುದು ಗೊತ್ತಾಗುತ್ತದೆ. ಗುರಿಯ ಆಟದ ಹುಚ್ಚು ಇದ್ದರೆ ರೈಫಲ್ ಸಂಸ್ಥೆಯೊಂದರ ಸದಸ್ಯರಾಗಿ ಅಲ್ಲೇ ಅಭ್ಯಾಸ ಮಾಡಿ.

ಗುಜರಿಯ ಮಾತು ಕೇಳಿದ್ದಿರಿ. ಹಾಕಬೇಡಿ. ಮಾರುವುದೂ ಬೇರೆಯವರಿಗೆ ಕೊಡುವುದೂ ತಯಾರಿಕೆಯನ್ನು ಹೇಳಿದ ಅದೇ 5ನೇ ಕಲಮಿನೊಳಗೆ ಬರುತ್ತದೆ. ಮೇಲಾಗಿ ಹಾರಿಸದ ತೋಟೆಯೊಂದು ಗುಜರಿಯವನ ಕುಲುಮೆಗೆ ಬಿದ್ದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಕಾಳಿ ನದಿಗೋ ಮನೆಯ ಬಾವಿಗೋ ಎಸೆಯುವ ಉಪಾಯವನ್ನೂ ಯಾರಾದರೂ ಹೇಳಿಯಾರು, ಕಿವಿಗೊಡಬೇಡಿ. ಠಾಣೆಯಲ್ಲಿ ಒಪ್ಪಿಸುವಾಗ ಪ್ರತಿ ವಸ್ತುವನ್ನೂ ಎಣಿಸಿ ಬರೆದ ರಸೀದಿ ಕೇಳಿ ಪಡೆಯಿರಿ, ‘ಹಳೆಯ ಸಾಮಾನು ಒಂದು ಪೆಟ್ಟಿಗೆ’ ಎಂದು ಬರೆದರೆ ಒಪ್ಪಬೇಡಿ. ಸೀಸದ ಚೀಲದ ಮೇಲೆ ‘ವಿಷ, ಬಿಚ್ಚಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಎಣಿಸುವ ಪೇದೆಗೆ ಬಾಯಿಮಾತಿನಲ್ಲೂ ಹೇಳಿ.